ಮುದ್ದೆ ಹೊಟ್ಟೆಯಲ್ಲಿ ಎಷ್ಟು ಹೊತ್ತು? ಉಸಿರು ಹೇಳುವ ಲೆಕ್ಕ

ಮಧ್ಯಾಹ್ನ ಎರಡು ಮುದ್ದೆ ಇಳಿಸಿದರೆ ರಾತ್ರಿಯವರೆಗೆ ಹೊಟ್ಟೆಯ ಯೋಚನೆ ಇಲ್ಲ, ಅನ್ನ ಉಂಡರೆ ನಾಲ್ಕು ಗಂಟೆಗೇ ಹಸಿವು. ಗೌರಿಬಿದನೂರಿನ ಮುಸುಕಿನ ಜೋಳದ ಹೊಲದಲ್ಲಾಗಲಿ, ಚಿಂತಾಮಣಿಯ ಟೊಮೆಟೊ ತೋಟದಲ್ಲಾಗಲಿ, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದಲ್ಲಾಗಲಿ ಈ ಮಾತಿಗೆ ಎದುರಾಡುವವರು ಸಿಗುವುದು ಕಷ್ಟ. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳವನ್ನು ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಶ್ರೀರಾಮನ ಮುಂದೆಯೇ ಇಟ್ಟರು. ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿಟ್ಟು ನೋಡಲಾಯಿತು, ರಾಗಿ ಗೆದ್ದಿತು. ಅದೂ ಒಂದು ಪರೀಕ್ಷೆಯೇ ಸರಿ, ಆದರೆ ಕಣಜದ ಪರೀಕ್ಷೆ. ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಇನ್ನೊಂದು ಕಡೆ, ಇದೇ ಊರುಗಳ ಔಷಧಿ ಅಂಗಡಿಗಳಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರಿನಡಿ ಹೊಟ್ಟೆಯುಬ್ಬರ, ಹುಳಿತೇಗು, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಉಂಡದ್ದು ಇಳಿಯದೆ ಕೂತಂತಾಗುವುದು ಎಲ್ಲಕ್ಕೂ ಒಂದೇ ಬಗೆಯ ಕ್ಯಾಪ್ಸೂಲ್ ಸಿಗುತ್ತದೆ. ಊಟ ನಿಧಾನವಾಗಿ ಇಳಿಯುವುದು ಒಬ್ಬರಿಗೆ ವರ, ಮತ್ತೊಬ್ಬರಿಗೆ ರೋಗ. ಎಷ್ಟು ನಿಧಾನ ಎಂಬುದನ್ನು ಅಳೆಯದೆಯೇ ಎರಡನ್ನೂ ಹೇಳುತ್ತಿದ್ದೇವೆ.

ಅಳೆಯುವುದಕ್ಕೆ ದಾರಿಯಿದೆ. ಮೂಗಿನಿಂದ ಕೊಳವೆ ಇಳಿಸಬೇಕಿಲ್ಲ, ವಿಕಿರಣದ ಹಂಗಿಲ್ಲ. ಒಂದು ನಿಗದಿತ ಊಟ ಮಾಡಿ, ನಾಲ್ಕು ಗಂಟೆ ಸುಮ್ಮನೆ ಕೂತು, ಆಗಾಗ ಗಾಜಿನ ನಳಿಕೆಯೊಳಗೆ ಉಸಿರು ಊದಿ ಮುಚ್ಚಳ ಹಾಕಿಕೊಟ್ಟರೆ ಮುಗಿಯಿತು. ಈ ಉಸಿರಿನ ಪರೀಕ್ಷೆ ಚಿಕ್ಕಬಳ್ಳಾಪುರದಂಥ ಜಿಲ್ಲೆಗೆ ಬೇರೆಲ್ಲ ವಿಧಾನಗಳಿಗಿಂತ ಹೊಂದುತ್ತದೆ ಎಂಬುದು ಈ ಲೇಖನದ ಅರ್ಧ ವಾದ. ಉಳಿದರ್ಧ ಅದಕ್ಕಿಂತ ಮುಖ್ಯ: ಬೇರೆಯವರ ಊಟದ ಮೇಲೆ ಕಟ್ಟಿದ ಅಂಕಿಗಳನ್ನು ಹಾಗೇ ತಂದು ರಾಗಿ ಉಣ್ಣುವವರ ಮೇಲೆ ಹೇರಿದರೆ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಅದಕ್ಕೆ ಕಾರಣ ನಮ್ಮ ಹೊಟ್ಟೆ ಬೇರೆ ಎಂಬುದಲ್ಲ. ಕಾರಣ ರಾಗಿಯ ಇಂಗಾಲದಲ್ಲೇ ಇದೆ.

ಹೊಟ್ಟೆ ಖಾಲಿಯಾಗುವ ಹೊತ್ತನ್ನು ಮೊದಲು ಕಣ್ಣಾರೆ ಕಂಡು ಬರೆದಿಟ್ಟವರು ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಗುಲಿ ಹೊಟ್ಟೆಯಲ್ಲಿ ಮುಚ್ಚದ ತೂತೊಂದು ಉಳಿದುಬಿಟ್ಟಿತು. ಆ ತೂತಿನ ಮೂಲಕ ಬೋಮಾಂಟ್ ವರ್ಷಗಟ್ಟಲೆ ಇಣುಕಿ ನೋಡಿ, 1833ರಲ್ಲಿ ಪುಸ್ತಕ ಮಾಡಿದ. ಅದರ ಪಟ್ಟಿಯಲ್ಲಿ ಬೇಯಿಸಿದ ಅನ್ನಕ್ಕೆ ಒಂದು ಗಂಟೆ, ಹುರಿದ ಹಂದಿಮಾಂಸಕ್ಕೆ ಐದೂಕಾಲು ಗಂಟೆ ಎಂದಿದೆ. ಇಪ್ಪತ್ತನೆಯ ಶತಮಾನದಲ್ಲಿ ತೂತಿನ ಬದಲು ಗಾಮಾ ಕ್ಯಾಮೆರಾ ಬಂತು. ಮೊಟ್ಟೆಯ ಬಿಳಿಭಾಗಕ್ಕೆ ಟೆಕ್ನೀಷಿಯಂ ಎಂಬ ವಿಕಿರಣ ಧಾತುವನ್ನು ಚೂರು ಬೆರೆಸಿ ತಿನ್ನಿಸಿ, ಅದು ಹೊಟ್ಟೆಯಿಂದ ಕರುಳಿಗೆ ಜಾರುವುದನ್ನು ಹೊರಗಿನಿಂದ ಚಿತ್ರ ತೆಗೆಯುತ್ತಾರೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ 11 ಕೇಂದ್ರಗಳ 123 ಆರೋಗ್ಯವಂತರನ್ನು ಹೀಗೆ ಪರೀಕ್ಷಿಸಿ, ನಾಲ್ಕು ಗಂಟೆಯ ನಂತರ ನೂರಕ್ಕೆ ಹತ್ತು ಭಾಗಕ್ಕಿಂತ ಹೆಚ್ಚು ಊಟ ಉಳಿದಿದ್ದರೆ ಹೊಟ್ಟೆ ನಿಧಾನ ಎಂಬ ಗೆರೆ ಎಳೆಯಿತು. ಇಂದಿಗೂ ಜಗತ್ತು ನಂಬುವ ಗೆರೆ ಅದೇ. ಆ ಊಟ ಯಾವುದೆಂದರೆ ಮೊಟ್ಟೆಯ ಬಿಳಿ, ಎರಡು ತುಂಡು ಬ್ರೆಡ್ಡು, ಜಾಮು, ನೀರು. ಒಟ್ಟು 255 ಕಿಲೋ ಕ್ಯಾಲೊರಿ. ನಮ್ಮ ಕಡೆ ಇದನ್ನು ಊಟ ಎಂದು ಕರೆಯುವವರಿಲ್ಲ. ತಿಂಡಿ ಎಂದರೂ ಅನುಮಾನವೇ.

ಉಸಿರಿನ ಪರೀಕ್ಷೆಗೆ ಗಟ್ಟಿ ತಳಪಾಯ ಹಾಕಿದ್ದು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಗೂಸ್ ಮತ್ತು ಸಂಗಡಿಗರು, 1993ರಲ್ಲಿ. ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು 99 ಹಗುರ ಬಗೆಯವು, ತೂಕ 12. ಉಳಿದ ಒಂದು ಚಿಲ್ಲರೆ ಭಾಗ ತುಸು ಭಾರದ ಕಾರ್ಬನ್-13. ಅದು ವಿಕಿರಣ ಸೂಸುವುದಿಲ್ಲ. ನಾವು ತಿನ್ನುವ ಪ್ರತಿ ತುತ್ತಿನಲ್ಲೂ ಅದು ಹೇಗೂ ಇದೆ, ಗರ್ಭಿಣಿಗೂ ಮಗುವಿಗೂ ಅಪಾಯವಿಲ್ಲ. ಆಕ್ಟನಾಯಿಕ್ ಆಮ್ಲ ಎಂಬ ಸಣ್ಣ ಕೊಬ್ಬಿನಂಶದಲ್ಲಿ ಈ ಭಾರದ ಇಂಗಾಲವನ್ನು ಕೂಡಿಸಿ, ಸುಮಾರು 100 ಮಿಲಿಗ್ರಾಂನಷ್ಟನ್ನು ಮೊಟ್ಟೆಯ ಹಳದಿಗೆ ಬೆರೆಸಿ ಬೇಯಿಸುತ್ತಾರೆ. ಹಳದಿಯ ಕೊಬ್ಬು ಅದನ್ನು ಹೊಟ್ಟೆಯಲ್ಲಿ ಬಿಡದೆ ಹಿಡಿದುಕೊಂಡಿರುತ್ತದೆ. ಹೊಟ್ಟೆ ಊಟವನ್ನು ಒಂದೆರಡು ಮಿಲಿಮೀಟರ್ ಚೂರುಗಳಾಗುವ ತನಕ ಅರೆದು, ಕೆಳಬಾಗಿಲಿನಿಂದ ಸ್ವಲ್ಪ ಸ್ವಲ್ಪವೇ ಸಣ್ಣ ಕರುಳಿಗೆ ಬಿಡುತ್ತದೆ. ಕರುಳಿಗೆ ಬಿದ್ದ ಕೂಡಲೇ ಆ ಆಮ್ಲ ಬೇಗ ಹೀರಿಹೋಗಿ ಯಕೃತ್ತಿಗೆ ಸೇರುತ್ತದೆ, ಅಲ್ಲಿ ಉರಿದು ಇಂಗಾಲದ ಡೈಆಕ್ಸೈಡ್ ಆಗಿ ರಕ್ತದ ಮೂಲಕ ಶ್ವಾಸಕೋಶ ತಲುಪಿ ಉಸಿರಿನಲ್ಲಿ ಹೊರಬೀಳುತ್ತದೆ. ಈ ಸರಪಳಿಯಲ್ಲಿ ಎಲ್ಲಕ್ಕಿಂತ ನಿಧಾನದ ಕೊಂಡಿ ಹೊಟ್ಟೆಯ ಬಾಗಿಲು. ಹಾಗಾಗಿ ಉಸಿರಿನಲ್ಲಿ ಕಾರ್ಬನ್-13 ಏರುವ ಇಳಿಯುವ ವೇಗವೇ ಹೊಟ್ಟೆ ಖಾಲಿಯಾಗುವ ವೇಗದ ಸುಳಿವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಒಪ್ಪಿಗೆ ಕೊಟ್ಟ ಪರೀಕ್ಷೆಯಲ್ಲಿ ಆಕ್ಟನಾಯಿಕ್ ಆಮ್ಲದ ಬದಲು ಕಾರ್ಬನ್-13 ಉಣಿಸಿ ಬೆಳೆಸಿದ ಸ್ಪಿರುಲಿನಾ ಪಾಚಿಯ ಪುಡಿಯನ್ನು ಒಣಮೊಟ್ಟೆಯ ಮಿಶ್ರಣಕ್ಕೆ ಸೇರಿಸಿ, ಉಪ್ಪು ಬಿಸ್ಕತ್ತಿನ ಜೊತೆ ಕೊಡುತ್ತಾರೆ. ಊಟಕ್ಕೆ ಮೊದಲು ಒಮ್ಮೆ, ಆಮೇಲೆ 45ನೇ ನಿಮಿಷದಿಂದ 240ನೇ ನಿಮಿಷದವರೆಗೆ ಆರು ಸಲ ಉಸಿರು ಹಿಡಿಯುತ್ತಾರೆ.

ತಾಲ್ಲೂಕಿನ ಮಟ್ಟದಲ್ಲಿ ಯೋಚಿಸುವವರಿಗೆ ಇದರ ನಿಜವಾದ ಲಾಭ ಇರುವುದು ಆ ಮುಚ್ಚಳ ಹಾಕಿದ ನಳಿಕೆಯಲ್ಲಿ. ಗಾಮಾ ಕ್ಯಾಮೆರಾ ಇರುವಲ್ಲಿಗೆ ರೋಗಿಯೇ ಹೋಗಬೇಕು. ಅಂದರೆ ಐವತ್ತರಿಂದ ಎಂಬತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ, ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಮೊದಲ ಬಸ್ಸಿಗೆ, ಜೊತೆಗೊಬ್ಬರನ್ನು ಕರೆದುಕೊಂಡು. ಉಸಿರಿನ ಪರೀಕ್ಷೆಯಲ್ಲಿ ರೋಗಿ ತನ್ನೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರೆ ಸಾಕು, ಬೆಂಗಳೂರಿಗೆ ಪ್ರಯಾಣ ಮಾಡುವುದು ನಳಿಕೆ. ಭದ್ರವಾಗಿ ಮುಚ್ಚಿದ ನಳಿಕೆಯೊಳಗಿನ ಉಸಿರು ಕೆಡುವುದಿಲ್ಲ, ಐಸ್ ಪೆಟ್ಟಿಗೆ ಬೇಕಿಲ್ಲ. ಕೊಡಲು ಬೇಕಾದದ್ದು ಅಳತೆ ಮಾಡಿದ ಊಟ, ಗಡಿಯಾರ, ನಳಿಕೆಯ ಮೇಲೆ ಹೊತ್ತನ್ನು ಸರಿಯಾಗಿ ಬರೆಯುವ ಒಬ್ಬ ನರ್ಸ್. ದುಬಾರಿ ಯಂತ್ರ, ಅಂದರೆ ಭಾರದ ಮತ್ತು ಹಗುರ ಇಂಗಾಲವನ್ನು ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೊಮೀಟರ್, ರಾಜ್ಯಕ್ಕೊಂದಿದ್ದರೂ ನಡೆಯುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸಲೀಸು. ತೊಡಕು ಶುರುವಾಗುವುದು ಊಟದ ತಟ್ಟೆಯಿಂದ. ಗಿಡಗಳೆಲ್ಲ ಗಾಳಿಯಿಂದಲೇ ಇಂಗಾಲ ಪಡೆದರೂ ಪಡೆಯುವ ಬಗೆ ಎರಡು. ಭತ್ತ, ಗೋಧಿ, ಅವರೆ, ಹುರುಳಿ, ಕಡಲೆಕಾಯಿಗಳು ಗಾಳಿಯಲ್ಲಿರುವ ಭಾರದ ಇಂಗಾಲವನ್ನು ಸಾಕಷ್ಟು ಬಿಟ್ಟು ಹಗುರದ್ದನ್ನೇ ಆರಿಸಿಕೊಳ್ಳುತ್ತವೆ. ರಾಗಿ, ಜೋಳ, ಮುಸುಕಿನ ಜೋಳ, ಸಜ್ಜೆ, ಕಬ್ಬು ಇಂಗಾಲವನ್ನು ಮೊದಲು ಎಲೆಯ ಒಳಕೋಣೆಗೆ ತುಂಬಿಕೊಂಡು ಆಮೇಲೆ ಬಳಸುವುದರಿಂದ ಆರಿಸುವ ಅವಕಾಶ ಕಡಿಮೆ, ಭಾರದ್ದೂ ಹೆಚ್ಚು ಉಳಿದುಕೊಳ್ಳುತ್ತದೆ. ಲೆಕ್ಕ ಹೀಗೆ: ಅಕ್ಕಿಯ ಹತ್ತು ಲಕ್ಷ ಇಂಗಾಲದ ಪರಮಾಣುಗಳಲ್ಲಿ ಸುಮಾರು 10,760 ಕಾರ್ಬನ್-13 ಇದ್ದರೆ, ರಾಗಿಯಲ್ಲಿ ಸುಮಾರು 10,920. ವ್ಯತ್ಯಾಸ 160. ಹತ್ತು ಲಕ್ಷಕ್ಕೆ 160 ಯಾವ ಲೆಕ್ಕ ಎನ್ನಬಹುದು. ಈಗ ಪರೀಕ್ಷೆಯ ಲೆಕ್ಕವನ್ನೂ ಮಾಡಿ ನೋಡೋಣ. ಸುಮ್ಮನೆ ಕೂತ ಸಾಧಾರಣ ಮೈಕಟ್ಟಿನ ವ್ಯಕ್ತಿ ಗಂಟೆಗೆ ಇಪ್ಪತ್ತು ಗ್ರಾಂಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. 100 ಮಿಲಿಗ್ರಾಂ ಗುರುತಿನ ಆಮ್ಲದಲ್ಲಿ ಉತ್ತುಂಗದ ಗಂಟೆಯಲ್ಲಿ ನೂರಕ್ಕೆ ಹನ್ನೆರಡು ಭಾಗ ಉರಿದು ಹೊರಬಂದಿತು ಎಂದಿಟ್ಟುಕೊಂಡರೆ, ಉಸಿರಿನ ಕಾರ್ಬನ್-13 ಹತ್ತು ಲಕ್ಷಕ್ಕೆ ಏರುವುದು ಹತ್ತಿರ ಹತ್ತಿರ 160. ಅಂದರೆ ಪರೀಕ್ಷೆಯ ಇಡೀ ಸದ್ದು ಎಷ್ಟು ದೊಡ್ಡದೋ, ಅನ್ನಕ್ಕೂ ಮುದ್ದೆಗೂ ಇರುವ ಅಂತರವೂ ಅಷ್ಟೇ ದೊಡ್ಡದು.

ಈ ತೊಡಕು ಎರಡೂ ಕಡೆಗೆ ಕೊಯ್ಯುತ್ತದೆ. ಸದಾ ಅನ್ನ ಉಣ್ಣುವವರೊಬ್ಬರಿಗೆ ಪರೀಕ್ಷೆಯ ದಿನ ಮುದ್ದೆ ಕೊಟ್ಟೆವು ಎನ್ನೋಣ. ಎರಡು ಮೂರು ಗಂಟೆಯ ನಂತರ ರಾಗಿಯ ಪಿಷ್ಟವೇ ಜೀರ್ಣವಾಗಿ ಉರಿದು ತನ್ನ ಭಾರದ ಇಂಗಾಲವನ್ನು ಉಸಿರಿಗೆ ಸೇರಿಸುತ್ತದೆ. ಗ್ರಾಫಿನ ಬಾಲ ಇಳಿಯಬೇಕಾದ ಹೊತ್ತಿನಲ್ಲಿ ಮೇಲೆಯೇ ಉಳಿಯುತ್ತದೆ, ನೋಡಿದವರು ‘ಊಟ ಇನ್ನೂ ಇಳಿಯುತ್ತಲೇ ಇದೆ, ಮುದ್ದೆ ನಿಧಾನ’ ಎನ್ನುತ್ತಾರೆ. ನಮಗೆ ಇಷ್ಟವಾದ ತೀರ್ಮಾನವೇ ಬಂತು, ಆದರೆ ಬಂದದ್ದು ತಪ್ಪು ದಾರಿಯಿಂದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ನೇಮಿಸಿದ ಎಚ್. ನರಸಿಂಹಯ್ಯನವರ ಸೀಮೆಯವರು ಇಂಥ ಅನುಕೂಲದ ತಪ್ಪನ್ನು ಸುಮ್ಮನೆ ಬಿಡುವಂತಿಲ್ಲ. ಇನ್ನೊಂದು ಕಡೆ, ಹುಟ್ಟಿನಿಂದ ಮುದ್ದೆ ಉಂಡವರಿಗೆ ಬಿಸ್ಕತ್ತು ಮೊಟ್ಟೆಯ ಊಟ ಕೊಟ್ಟರೆ ಏನಾಗುತ್ತದೆ? ಅವರ ಮೈಯಲ್ಲಿ ಶೇಖರವಾಗಿರುವ ಕೊಬ್ಬು, ಸಕ್ಕರೆಗಳಲ್ಲೇ ರಾಗಿಯ ಇಂಗಾಲ ಇರುವುದರಿಂದ ಬೆಳಗಿನ ಖಾಲಿ ಹೊಟ್ಟೆಯ ಉಸಿರೇ ಮೇಲ್ಮಟ್ಟದಲ್ಲಿರುತ್ತದೆ. ಗೋಧಿಯ ಬಿಸ್ಕತ್ತು ಉರಿಯತೊಡಗಿದಂತೆ ಆ ಮಟ್ಟವೇ ಕೆಳಗಿಳಿಯುತ್ತದೆ. ಗ್ರಾಫಿನ ಬಾಲ ಬೇಗ ಕುಸಿದು, ನಿಜಕ್ಕೂ ನಿಧಾನವಾದ ಹೊಟ್ಟೆಯನ್ನೂ ಚುರುಕಿನದೆಂದು ತೋರಿಸಬಹುದು. ಯುರೋಪು ಅಮೆರಿಕಗಳಲ್ಲಿ ಇಂಥ ಪರೀಕ್ಷೆಗೆ ಮುನ್ನ ಮುಸುಕಿನ ಜೋಳ, ಕಬ್ಬಿನ ಸಕ್ಕರೆ ತಿನ್ನಬೇಡಿ ಎಂದು ಹೇಳುವ ರೂಢಿ ಇದಕ್ಕೇ ಬಂದದ್ದು. ಅಲ್ಲಿ ಅದು ಒಂದು ದಿನದ ಪಥ್ಯ. ಇಲ್ಲಿ ಮುದ್ದೆ, ಬೆಲ್ಲ, ಸಕ್ಕರೆ ಹಾಕಿದ ಕಾಫಿ, ಮುಸುಕಿನ ಜೋಳದ ಮೇವು ತಿಂದ ಹಸುವಿನ ಹಾಲು ಎಲ್ಲವನ್ನೂ ಬಿಡಿ ಎಂದರೆ ಉಳಿಯುವುದೇನು?

ಹಾಗಾದರೆ ರಾಗಿಯ ನಾಡಿನಲ್ಲಿ ಈ ಪರೀಕ್ಷೆ ನಡೆಯದು ಎಂದು ಕೈಬಿಡಬೇಕೇ? ಬೇಡ ಎನ್ನುವುದಕ್ಕೆ ಪುರಾವೆ ಆಫ್ರಿಕದ ಮಾಲಿ ದೇಶದಿಂದ ಬರುತ್ತದೆ. ರಾಗಿಯ ತವರೂ ಆಫ್ರಿಕವೇ, ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ ‘ಇಂಡಾಫ್’ ರಾಗಿ ಮಾಡಿದ್ದು ಆ ಹಳೆಯ ನಂಟನ್ನೇ ಹೊಸದಾಗಿ ಕಟ್ಟಿದಂತೆ. ಮಾಲಿಯಲ್ಲೂ ಜನ ನಮ್ಮ ಹಾಗೆಯೇ ನಂಬಿದ್ದರು: ಸಜ್ಜೆ, ಜೋಳದ ಗಟ್ಟಿ ಅಂಬಲಿ ಉಂಡರೆ ಹೊಟ್ಟೆ ತಡೆಯುತ್ತದೆ, ಅನ್ನ ತಡೆಯುವುದಿಲ್ಲ ಎಂದು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ರಾಜಧಾನಿ ಬಮಾಕೊದಲ್ಲಿ 14 ಆರೋಗ್ಯವಂತರಿಗೆ ಎಂಟು ಬಗೆಯ ಊಟವನ್ನು ಬೇರೆ ಬೇರೆ ದಿನ ಕೊಟ್ಟು ಆಕ್ಟನಾಯಿಕ್ ಆಮ್ಲದ ಉಸಿರಿನ ಪರೀಕ್ಷೆ ಮಾಡಿತು. ಸಜ್ಜೆ, ಜೋಳದ ಊಟ ಅರ್ಧ ಖಾಲಿಯಾಗಲು ಅನ್ನ, ಆಲೂಗಡ್ಡೆ, ಪಾಸ್ತಾಗಳಿಗೆ ಬೇಕಾದ ಹೊತ್ತಿನ ಹೆಚ್ಚುಕಡಿಮೆ ಎರಡರಷ್ಟು ತೆಗೆದುಕೊಂಡಿತು. ಬೆಂಡೆಕಾಯಿಯ ಲೋಳೆ ಸಾರು ಸೇರಿಸಿದ್ದರಿಂದ ವ್ಯತ್ಯಾಸವೇನೂ ಆಗಲಿಲ್ಲ ಎಂಬುದು ಬಸ್ಸಾರಿನವರು ಗಮನಿಸಬೇಕಾದ ಚಿಲ್ಲರೆ ಸಂಗತಿ. ಸಂಶೋಧಕರು ಅಲ್ಲಿಗೇ ನಿಲ್ಲಿಸಲಿಲ್ಲ. ಮೇಲೆ ಹೇಳಿದ ಇಂಗಾಲದ ತೊಡಕು ಅವರಿಗೂ ಗೊತ್ತಿತ್ತು, ಸಜ್ಜೆ ಜೋಳ ಎರಡೂ ರಾಗಿಯ ಗುಂಪಿಗೇ ಸೇರಿದವು. ಒಂದು ವರ್ಷದ ನಂತರ ಮತ್ತೆ ಆರು ಜನರನ್ನು ಕೂಡಿಸಿ, ಧಾನ್ಯದ ಸ್ವಂತ ಕಾರ್ಬನ್-13ನ್ನು ಕಳೆದು ಲೆಕ್ಕ ಹಾಕಿದರು. ತಿದ್ದುಪಡಿಯಿಂದ ಆದ ಬದಲಾವಣೆ ಅಲ್ಪ; ನಿಧಾನ ನಿಧಾನವಾಗಿಯೇ ಉಳಿಯಿತು.

ಇದನ್ನು ಓದಿ ‘ತೊಡಕು ಅಷ್ಟು ಸಣ್ಣದಾದರೆ ನೀವು ಇಷ್ಟು ಹೊತ್ತು ಹೆದರಿಸಿದ್ದೇಕೆ’ ಎಂದು ಕೇಳಬಹುದು. ಒಂದು ಹೊತ್ತಿನ ಊಟ ನಾಲ್ಕು ಗಂಟೆಯಲ್ಲಿ ಉಸಿರಿನ ಇಂಗಾಲವನ್ನೆಲ್ಲ ಬದಲಾಯಿಸುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಮೈಯ ಹಳೆಯ ದಾಸ್ತಾನಿನಿಂದಲೇ ಬರಬಹುದು. ಹಾಗಾಗಿ 160ರ ಅಂತರ ಪೂರ್ತಿ ಕಾಣಿಸುವುದಿಲ್ಲ. ಆದರೆ ಬಮಾಕೊದ ತಿದ್ದುಪಡಿ ಬಮಾಕೊದ ಜನಕ್ಕೆ, ಅಲ್ಲಿನ ಊಟಕ್ಕೆ, ಅಲ್ಲಿ ಕೊಟ್ಟ ಗುರುತಿನ ಪ್ರಮಾಣಕ್ಕೆ ಅಲ್ಪ. ಎರಡು ಪಟ್ಟು ವ್ಯತ್ಯಾಸ ಇರುವಲ್ಲಿ ಸಣ್ಣ ತಪ್ಪು ಮುಚ್ಚಿಹೋಗುತ್ತದೆ. ನಾಲ್ಕು ಗಂಟೆಯ ಗೆರೆಯ ಅತ್ತ ಇತ್ತ ಕೂತಿರುವ ಒಬ್ಬ ರೋಗಿಯ ವಿಷಯದಲ್ಲಿ ಅದೇ ತಪ್ಪು ತೀರ್ಪನ್ನು ತಿರುವಿಹಾಕಬಲ್ಲದು. ಜನಸಮೂಹವನ್ನು ಹೋಲಿಸುವುದು ಬೇರೆ, ಒಬ್ಬರಿಗೆ ರೋಗದ ಹೆಸರು ಕೊಡುವುದು ಬೇರೆ. ಅದಕ್ಕಿಂತ ದೊಡ್ಡ ಪಾಠ ಮಾಲಿಯ ಫಲಿತಾಂಶದಲ್ಲೇ ಇದೆ. ಆರೋಗ್ಯವಂತರಲ್ಲೇ ಊಟದಿಂದ ಊಟಕ್ಕೆ ಎರಡು ಪಟ್ಟು ವ್ಯತ್ಯಾಸವಿದ್ದರೆ, ಬ್ರೆಡ್ಡು ಮೊಟ್ಟೆಯ ಮೇಲೆ ಎಳೆದ ಗೆರೆಯನ್ನು ಮುದ್ದೆಗೆ ಹಚ್ಚಿದಾಗ ಗಟ್ಟಿಮುಟ್ಟಾದ ರೈತನೂ ರೋಗಿಯಾಗುತ್ತಾನೆ.

ನಮ್ಮವರನ್ನು ನಮ್ಮಲ್ಲೇ ಅಳೆಯುವುದರಿಂದ ಜಗತ್ತಿನ ಅಂಕಿಯೇ ಬದಲಾದ ಉದಾಹರಣೆ ಪಕ್ಕದ ಬೆಂಗಳೂರಿನಲ್ಲಿದೆ, ಅದೂ ಇದೇ ಕಾರ್ಬನ್-13ರಿಂದ. ಲೈಸಿನ್ ಎಂಬ ಅಮೈನೊ ಆಮ್ಲ ಧಾನ್ಯಗಳಲ್ಲಿ ಕಡಿಮೆ, ಬೇಳೆಕಾಳು ಹಾಲುಗಳಲ್ಲಿ ಹೆಚ್ಚು. ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 12 ಮಿಲಿಗ್ರಾಂ ಸಾಕು ಎಂದು 1985ರ ವಿಶ್ವಸಂಸ್ಥೆಯ ವರದಿ ಹೇಳಿತ್ತು. ಅದು ಸಾಲದು ಎಂದು ಅಮೆರಿಕದ ಎಂಐಟಿಯ ವರ್ನನ್ ಯಂಗ್ ವಾದಿಸುತ್ತಿದ್ದರು. ಧಾನ್ಯವನ್ನೇ ನಂಬಿ ಬದುಕಿದ ಭಾರತೀಯರ ಮೈ ಕಡಿಮೆಗೆ ಒಗ್ಗಿಕೊಂಡಿದೆಯಲ್ಲ ಎಂಬ ಎದುರುವಾದವೂ ಇತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯ ಸ್ವಯಂಸೇವಕರಿಗೆ ಕಾರ್ಬನ್-13 ಗುರುತಿನ ಲ್ಯೂಸಿನ್ ಕೊಟ್ಟು, ಇಪ್ಪತ್ನಾಲ್ಕು ಗಂಟೆಯೂ ಅವರ ಉಸಿರನ್ನು ಅಳೆದರು. ಲೈಸಿನ್ ಸಾಲದಿದ್ದಾಗ ಮೈ ಲ್ಯೂಸಿನ್ನನ್ನು ಬಳಸಲಾಗದೆ ಉರಿಸಿಬಿಡುತ್ತದೆ, ಸಾಕಾದಾಗ ಉರಿಸುವುದು ಇಳಿಯುತ್ತದೆ. ಎಲ್ಲಿ ಇಳಿಯಿತೋ ಅಲ್ಲಿಗೆ ಅಗತ್ಯ ಮುಗಿಯಿತು. ಬಂದ ಉತ್ತರ 30 ಮಿಲಿಗ್ರಾಂನ ಆಸುಪಾಸು. 2001ರಿಂದ ಪ್ರಕಟವಾದ ಈ ಕೆಲಸಗಳ ಬಲವೂ ಸೇರಿ, 2007ರಲ್ಲಿ ಹೊರಬಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯಾದ ಎಫ್‌ಎಒ ವರದಿ 30ನ್ನೇ ಒಪ್ಪಿಕೊಂಡಿತು. ಇಲ್ಲಿ ಗಮನಿಸಬೇಕಾದದ್ದು, ಭಾರತೀಯರ ಅಂಕಿ ಪಶ್ಚಿಮದವರದ್ದಕ್ಕಿಂತ ಬೇರೆಯಾಗಿ ಬರಲಿಲ್ಲ. ಬೇರೆ ಇರಬೇಕು ಎಂಬ ಊಹೆಯೇ ಸುಳ್ಳಾಯಿತು, ಅದರಿಂದಲೇ ಬೇಳೆ ಹಾಲು ಸಾಲದ ತಟ್ಟೆಗಳ ಕೊರತೆ ಲೆಕ್ಕಕ್ಕೆ ಬಂತು. ಹಾಗಾಗಿ ಮುದ್ದೆಯ ಅಳತೆಯಿಂದ ಮುದ್ದೆಯೇ ಗೆಲ್ಲಬೇಕೆಂದೇನಿಲ್ಲ. ಅನ್ನಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ ಎಂದು ಬಂದರೂ ಪರೀಕ್ಷೆ ಗೆದ್ದಂತೆ.

ವೈದ್ಯರಲ್ಲಿ ಕೆಲವರು ಎತ್ತುವ ಆಕ್ಷೇಪ ಇದಕ್ಕಿಂತ ಮೂಲದ್ದು: ಹೊಟ್ಟೆಯಲ್ಲಿ ನಡೆಯುವುದನ್ನು ಮೂಗಿನ ಬಳಿ ಅಳೆಯುವುದೇ ಪರೋಕ್ಷ, ನಡುವೆ ಕರುಳು, ಯಕೃತ್ತು, ರಕ್ತ, ಶ್ವಾಸಕೋಶ ಎಲ್ಲ ಅಡ್ಡ ಬರುತ್ತವೆ. ಮಾತು ನಿಜ. ಆದರೆ ದೂರದ ಘಟನೆಯನ್ನು ಹತ್ತಿರದ ಸದ್ದಿನಿಂದ ಊಹಿಸುವ ವಿದ್ಯೆ ಗೌರಿಬಿದನೂರಿಗೆ ಹೊಸದಲ್ಲ. 1965ರಿಂದ ಅಲ್ಲಿರುವ, ಈಗಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಸಾಲು ಸಾವಿರಾರು ಕಿಲೋಮೀಟರ್ ಆಚೆ ನೆಲದಡಿಯಲ್ಲಿ ನಡೆಯುವ ಪರಮಾಣು ಸ್ಫೋಟಗಳನ್ನು ಪತ್ತೆಹಚ್ಚಲೆಂದೇ ಹುಟ್ಟಿದ್ದು. ಬಂಡೆಗಳ ಮೂಲಕ ಬರುವಾಗ ಅಲೆ ತಡವಾಗುತ್ತದೆ, ಆಕಾರ ಬದಲಿಸುತ್ತದೆ. ದಾರಿಯ ಗುಣ ಗೊತ್ತಿದ್ದರೆ ಅದನ್ನು ಕಳೆದು ಮೂಲವನ್ನು ಹಿಡಿಯಬಹುದು. ಉಸಿರಿನ ಲೆಕ್ಕವೂ ಹಾಗೆಯೇ. ಲ್ಯೂವೆನ್‌ನವರು ಒಂದೇ ಊಟದಲ್ಲಿ ಎರಡೂ ಗುರುತು ಹಾಕಿ ಗಾಮಾ ಕ್ಯಾಮೆರಾ ಮತ್ತು ಉಸಿರು ಎರಡನ್ನೂ ಹೋಲಿಸಿದಾಗ, ಉಸಿರು ಸುಮಾರು ಒಂದು ಗಂಟೆ ಹಿಂದೆ ಬಿದ್ದರೂ ಎರಡರ ಹೊಂದಾಣಿಕೆ ಗಟ್ಟಿಯಾಗಿತ್ತು. ದಾರಿಯೇ ಕೆಟ್ಟಿದ್ದರೆ ಮಾತ್ರ ಲೆಕ್ಕ ಕೈಕೊಡುತ್ತದೆ. ತೀವ್ರ ಯಕೃತ್ತಿನ ಕಾಯಿಲೆ, ಹೀರಿಕೊಳ್ಳದ ಕರುಳು, ಮೇದೋಜೀರಕ ಗ್ರಂಥಿಯ ತೊಂದರೆ, ತೀರಾ ಹದಗೆಟ್ಟ ಶ್ವಾಸಕೋಶ ಇದ್ದವರಿಗೆ ಈ ಪರೀಕ್ಷೆ ಬೇಡ. ಶಿಡ್ಲಘಟ್ಟದಲ್ಲಿ ವರ್ಷಗಟ್ಟಲೆ ಗೂಡು ಬೇಯಿಸುವ ಹಬೆ, ಒಲೆಯ ಹೊಗೆಯ ನಡುವೆ ದುಡಿದವರನ್ನು ಕೂರಿಸುವ ಮೊದಲು ಎದೆಗೆ ಸ್ಟೆತಸ್ಕೋಪ್ ಇಡುವುದು ಔಪಚಾರಿಕವಾಗಬಾರದು. ಪರೀಕ್ಷೆಯ ನಡುವೆ ಎದ್ದು ಓಡಾಡುವಂತೆಯೂ ಇಲ್ಲ. ನಡೆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಬಿದ್ದು ಲೆಕ್ಕ ಕಲಸಿಹೋಗುತ್ತದೆ.

ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಅಷ್ಟು ಸಲೀಸಾದ ಉತ್ತರವಿಲ್ಲ. ಅಳೆದು ಮಾಡುವುದೇನು? ಹೊಟ್ಟೆ ನಿಧಾನವಿರುವ ರೋಗಿಗೂ, ನಿಧಾನವಿಲ್ಲದೆ ಅದೇ ದೂರು ಹೇಳುವ ರೋಗಿಗೂ ಕಷ್ಟ ಒಂದೇ ತೆರ. ಅಮೆರಿಕದ ಗುಂಪೊಂದು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 48 ವಾರಗಳ ನಂತರ ಮತ್ತೆ ಪರೀಕ್ಷಿಸಿದಾಗ, ನಿಧಾನ ಎಂದು ಗುರುತಿಸಿದವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಸಹಜದ ಕಡೆಗೆ ಬಂದಿದ್ದರು, ಸಹಜ ಎಂದವರಲ್ಲೂ ಸುಮಾರು ಅಷ್ಟೇ ಪಾಲು ನಿಧಾನದ ಕಡೆಗೆ ಹೋಗಿದ್ದರು. ಇಷ್ಟು ಹೊಯ್ದಾಡುವ ಅಂಕಿಯನ್ನು ಹಣೆಪಟ್ಟಿ ಮಾಡುವುದು ತಪ್ಪು ಎಂಬುದನ್ನು ಒಪ್ಪಲೇಬೇಕು. ಆದರೂ ಅಳೆಯದೆ ಮಾಡುತ್ತಿರುವುದೇನು ಎಂಬುದನ್ನೂ ನೋಡಬೇಕಲ್ಲ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಜೊತೆ ಹೊಟ್ಟೆಯನ್ನು ದೂಡುವ ಡೊಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲ್‌ಗಳನ್ನು ತಿಂಗಳುಗಟ್ಟಲೆ ನುಂಗುವವರು ಪ್ರತಿ ಊರಿನಲ್ಲೂ ಇದ್ದಾರೆ. ಹೃದಯದ ಬಡಿತದ ಲಯ ತಪ್ಪಿಸುವ ಅಪಾಯದಿಂದಾಗಿ ಯುರೋಪಿನ ಔಷಧ ನಿಯಂತ್ರಕರು 2014ರಲ್ಲಿ ಡೊಂಪೆರಿಡೋನನ್ನು ವಾಕರಿಕೆ ವಾಂತಿಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರಕ್ಕೆ ಮೀರದಂತೆ ಎಂದು ಕಟ್ಟಿಹಾಕಿದರು. ಹೊಟ್ಟೆ ನಿಧಾನವೇ ಇಲ್ಲದವರಿಗೆ ಅದನ್ನು ದೂಡುವ ಮಾತ್ರೆ ಯಾಕೆ ಎಂದು ಕೇಳಲಾದರೂ ಒಂದು ಅಳತೆ ಬೇಕು.

ಅದಕ್ಕಿಂತ ತುರ್ತಿನ ಜಾಗ ಸಕ್ಕರೆ ಕಾಯಿಲೆ. ಊಟದ ನಂತರ ರಕ್ತದ ಸಕ್ಕರೆ ಎಷ್ಟು ಜಿಗಿಯುತ್ತದೆ ಎಂಬ ವ್ಯತ್ಯಾಸದಲ್ಲಿ ಸುಮಾರು ಮೂರನೇ ಒಂದು ಪಾಲು ಹೊಟ್ಟೆ ಖಾಲಿಯಾಗುವ ವೇಗದ ಮೇಲೆ ನಿಂತಿದೆ ಎಂದು ಆಸ್ಟ್ರೇಲಿಯದ ಅಡಿಲೇಡ್‌ನ ಹೊರೊವಿಟ್ಜ್ ತಂಡ ತೊಂಬತ್ತರ ದಶಕದಲ್ಲೇ ತೋರಿಸಿತು. ಹಲವು ವರ್ಷ ಶುಗರ್ ಇದ್ದವರಲ್ಲಿ ಹೊಟ್ಟೆಯ ನರಗಳು ಸೋತು ಊಟ ಕೆಳಗಿಳಿಯದೆ ಕೂರುವುದುಂಟು. ಅಂಥವರು ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ಸುಲಿನ್ ಚುಚ್ಚಿಕೊಂಡು ಮುದ್ದೆ ಉಂಡರು ಎನ್ನಿ. ಇನ್ಸುಲಿನ್ ರಕ್ತಕ್ಕೆ ಬಂದಾಗಿದೆ, ಮುದ್ದೆ ಇನ್ನೂ ಹೊಟ್ಟೆಯಲ್ಲೇ ಇದೆ. ಸಕ್ಕರೆ ಕುಸಿದು ಬೆವರು, ನಡುಕ. ಗಾಬರಿಯಾಗಿ ಸಕ್ಕರೆ ನೀರು ಕುಡಿದ ಮೇಲೆ ಮುದ್ದೆಯೂ ಇಳಿದು, ಸಂಜೆಗೆ ಗ್ಲೂಕೋಮೀಟರ್ ಮುನ್ನೂರು ತೋರಿಸುತ್ತದೆ. ವೈದ್ಯರು ಡೋಸ್ ಹೆಚ್ಚಿಸುತ್ತಾರೆ, ಮರುದಿನ ಕುಸಿತ ಇನ್ನೂ ಆಳ. ಇಲ್ಲಿ ಬದಲಾಗಬೇಕಾದದ್ದು ಡೋಸ್ ಅಲ್ಲದೆ ಚುಚ್ಚುವ ಹೊತ್ತೂ ಆಗಿರಬಹುದು, ಅದನ್ನು ಹೇಳಬಲ್ಲದ್ದು ಆ ರೋಗಿ ನಿಜಕ್ಕೂ ಉಣ್ಣುವ ಊಟದ ಮೇಲೆ ಮಾಡಿದ ಅಳತೆ. ರಕ್ತದಲ್ಲಿ ಸಕ್ಕರೆ ತೀರಾ ಏರಿದ್ದರೆ ಅದೇ ಹೊಟ್ಟೆಯನ್ನು ನಿಧಾನ ಮಾಡುವುದರಿಂದ, 275ಕ್ಕಿಂತ ಕೆಳಗೆ ತಂದುಕೊಂಡೇ ಪರೀಕ್ಷೆಗೆ ಕೂರಿಸಬೇಕೆಂಬುದು ವೈದ್ಯರ ನಿಯಮ. 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೌಂಜಾರೊದಂಥ, ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ಕೊಡುವ ಚುಚ್ಚುಮದ್ದುಗಳು ಹೊಟ್ಟೆ ಖಾಲಿಯಾಗುವುದನ್ನೇ ತಡಮಾಡುತ್ತವೆ. ಶಸ್ತ್ರಚಿಕಿತ್ಸೆಗೆ ಮುನ್ನ ‘ರಾತ್ರಿಯಿಂದ ಏನೂ ತಿಂದಿಲ್ಲ’ ಎಂಬ ಮಾತನ್ನು ಅರಿವಳಿಕೆ ವೈದ್ಯರು ಈಗ ಮೊದಲಿನಷ್ಟು ನಿರಾತಂಕವಾಗಿ ನಂಬುವಂತಿಲ್ಲ.

ಹಾಗಾಗಿ ಚಿಕ್ಕಬಳ್ಳಾಪುರದಲ್ಲಿ ಮೊದಲು ಆಗಬೇಕಾದ ಕೆಲಸ ರೋಗಿಗಳದ್ದಲ್ಲ, ಆರೋಗ್ಯವಂತರದ್ದು. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯಲ್ಲಿ 2023ರ ಮಾರ್ಚ್ 25ರಂದು ಉದ್ಘಾಟನೆಯಾದ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ಸಂಸ್ಥೆ ಇದೆ, ಕಾರ್ಬನ್-13 ಅಳೆದು ಪಳಗಿದ ಕೈಗಳು ಬೆಂಗಳೂರಿನಲ್ಲಿವೆ. ಜಿಲ್ಲೆಯ ಎಲ್ಲ ತಾಲ್ಲೂಕುಗಳಿಂದ ದಿನವೂ ಮುದ್ದೆ ಉಣ್ಣುವವರನ್ನೂ ಅನ್ನವನ್ನೇ ಉಣ್ಣುವವರನ್ನೂ ಆರಿಸಿ, ಪ್ರತಿಯೊಬ್ಬರಿಗೂ ಒಂದೇ ಕ್ಯಾಲೊರಿಯ ಮುದ್ದೆ ಮತ್ತು ಅನ್ನವನ್ನು ಗುರುತು ಹಾಕಿ ಒಂದೊಂದು ದಿನ, ಗುರುತಿಲ್ಲದೆ ಒಂದೊಂದು ದಿನ ಕೊಡಬೇಕು. ಗುರುತಿಲ್ಲದ ದಿನದ ಉಸಿರನ್ನು ಗುರುತಿನ ದಿನದ್ದರಿಂದ ಕಳೆದರೆ ರಾಗಿಯ ಸ್ವಂತ ಇಂಗಾಲದ ಪಾಲು ಹೊರಟುಹೋಗುತ್ತದೆ. ಗುರುತನ್ನು ಬೆರೆಸಲು ಮೊಟ್ಟೆ ತಿನ್ನದವರಿಗೆ ಬೇರೆ ದಾರಿ ಹುಡುಕಬೇಕು. ಇಡ್ಲಿ ಹಿಟ್ಟಿಗೆ ಬೆರೆಸಿ ಹಬೆಯಲ್ಲಿ ಬೇಯಿಸಿದರೆ ಅದು ಒಳಗೇ ನಿಲ್ಲುತ್ತದೆಯೋ ಬಿಟ್ಟುಕೊಡುತ್ತದೆಯೋ ಎಂಬುದನ್ನು ಮನುಷ್ಯರಿಗೆ ಕೊಡುವ ಮೊದಲು ಗಾಜಿನ ಪಾತ್ರೆಯಲ್ಲಿ, ಆಮ್ಲದಲ್ಲಿ ಕಲಸಿ ನೋಡಬೇಕು. ಗುರುತು ಊಟವನ್ನು ಬಿಟ್ಟು ನೀರಿನೊಡನೆ ಮುಂಚೆಯೇ ಜಾರಿದರೆ ಇಡೀ ಅಳತೆ ನೀರಿನದಾಗುತ್ತದೆ. ಮುದ್ದೆಯ ಗಾತ್ರ, ಹಿಟ್ಟು ನೀರಿನ ಪ್ರಮಾಣ, ನುಂಗಿದ್ದೋ ಅಗಿದದ್ದೋ ಎಂಬುದನ್ನೂ ಬರೆದುಕೊಳ್ಳಬೇಕು, ಏಕೆಂದರೆ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವ ಪದ್ಧತಿಯಲ್ಲಿ ಹಲ್ಲಿನ ಕೆಲಸವೂ ಹೊಟ್ಟೆಯ ಪಾಲಿಗೇ ಬೀಳುತ್ತದೆ. ನಾಲ್ಕು ದಿನ, ದಿನಕ್ಕೆ ನಾಲ್ಕು ಗಂಟೆ ಅಲುಗಾಡದೆ ಕೂರುವವರಿಗೆ ಆ ದಿನಗಳ ಕೂಲಿಯನ್ನು ಅಧ್ಯಯನದ ಖರ್ಚಿನಲ್ಲೇ ಸೇರಿಸಬೇಕು, ಇಲ್ಲದಿದ್ದರೆ ಬರುವುದು ಕಚೇರಿಯಲ್ಲಿ ಕೂತು ಕೆಲಸ ಮಾಡುವವರ ಉಸಿರು ಮಾತ್ರ.